ಆರರ ಪಕ್ಕದ ಕತ್ತರಿ ಗುರುತು

ವೆಂಡಮ್, ಮ್ಯಾಸಚೂಸೆಟ್ಸ್
೪ ಮಾರ್ಚ್ ೧೯೭೯

ಟಿಯರ್ನಿ ಅವರಿಗೆ,

ನಾವು ಪರಿಚಿತರಲ್ಲ. ನಾನು ಕೆಲಸ ಮಾಡುವ ಲಾಂಡ್ರಿಯಲ್ಲಿ ಯಾರೋ ಹಳೇ ವಸ್ತು ಸಂಗ್ರಹಕಾರರ ವಾರಪತ್ರಿಕೆ ಬಿಟ್ಟುಹೋಗಿದ್ದರು. ಅದರಲ್ಲಿ ನಿಮ್ಮ ಜಾಹೀರಾತು ನೋಡಿದೆ. ವೆಂಡಮ್ ಬೇಸ್‌ಬಾಲ್ ತಂಡದ ೧೮೮೯ರ ಸ್ಕೋರ್‌ಕಾರ್ಡುಗಳು ಬೇಕು, ಮುಖ್ಯವಾಗಿ ಸೆಪ್ಟೆಂಬರ್ ೨೧ರಂದು ಲೋರ್ಟನ್ ವಿರುದ್ಧ ನಡೆದ ಪಂದ್ಯದ್ದು ಬೇಕು ಎಂದು ಬರೆದಿದ್ದೀರಿ. ಅದು ನನ್ನ ಹತ್ತಿರ ಇದೆ.

ಹೊಸ ರಸ್ತೆಗೆಂದು ನಮ್ಮ ಬೀದಿಯ ಮನೆಗಳನ್ನೆಲ್ಲ ಕೆಡವುತ್ತಾರೆ. ನಮ್ಮ ಮನೆಯೂ ಅದರಲ್ಲಿ ಸೇರಿದೆ, ಮೆಮೇರ್ ಹುಟ್ಟಿದ ಮನೆ. ಮೆಮೇರ್ ಅಂದರೆ ನನ್ನ ಅಜ್ಜಿ ಆಲ್ಬಿನಾ, ಎಂಬತ್ತೈದು ವರ್ಷ. ಅವಳ ತಾಯಿ ತೂಗುಹಾಕಿದ್ದ ಯೇಸುವಿನ ಪಟ ಇಳಿಸುವಾಗ ಹಿಂದಿನ ಹಲಗೆ ಕಳಚಿ ಕಾರ್ಡು ಕೆಳಗೆ ಬಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಎಂಟು ಪುಟ. ಮುಖಪುಟದಲ್ಲಿ ಮೀಸೆಯ ಗಂಡಸೊಬ್ಬ ದಾಂಡು ಹಿಡಿದು ನಿಂತಿದ್ದಾನೆ. ಉಳಿದ ಕಡೆಯೆಲ್ಲ ಚುಟ್ಟಾ, ಟೋಪಿ, ಪಿತ್ತದ ಗುಳಿಗೆಗಳ ಜಾಹೀರಾತು. ಲೋರ್ಟನ್‌ನವರು ಬ್ಯಾಟು ಮಾಡಿದ ಪುಟ ಚೆನ್ನಾಗಿ ತೆರೆಯುತ್ತದೆ. ವೆಂಡಮ್ ತಂಡದ ಪುಟ ಮಾತ್ರ ಎದುರಿನ ಟೋಪಿ ಜಾಹೀರಾತಿಗೆ ಅಂಟಿಕೊಂಡಿದೆ, ತೇವಕ್ಕೆ ಇರಬೇಕು.

ಒಂದೇ ತೊಂದರೆ, ಯಾರೋ ಪೆನ್ಸಿಲಿನಲ್ಲಿ ಇಡೀ ಆಟ ಬರೆದಿಟ್ಟಿದ್ದಾರೆ. ಗೀಚಿದ ಕಾರ್ಡು ಯಾರಿಗೂ ಬೇಡ, ಬ್ರೆಡ್ಡಿನ ತಿರುಳಿನಿಂದ ಉಜ್ಜಿದರೆ ಹೋಗುತ್ತದೆ ಎಂದು ಗ್ರಂಥಾಲಯದವಳು ಹೇಳಿದಳು. ಬರುವ ಭಾನುವಾರ ಉಜ್ಜಿ ಕಳಿಸುತ್ತೇನೆ.

ನಿಮ್ಮ ಹೆಸರು ಓದಿ ನಗು ಬಂತು, ಕ್ಷಮಿಸಿ. ನಮ್ಮೂರಲ್ಲಿ 'ಟಿಯರ್ನಿ' ಅನ್ನುವುದು ಒಂದು ಬೈಗುಳ. ಕೈಗೆ ಬಂದ ಚೆಂಡು ಬಿಟ್ಟವರಿಗೆ ಹಾಗೆ ಕೂಗುತ್ತೇವೆ. ಜೊತೆಯವರಿಗೆ ಮೋಸ ಮಾಡಿದರೆ 'ಟಿಯರ್ನಿ ಮಾಡಿದ' ಅನ್ನುತ್ತೇವೆ. ಅದು ಒಬ್ಬ ಮನುಷ್ಯನ ಹೆಸರೂ ಆಗಿರಬಹುದು ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ನಮ್ಮ ಮನೆಯ ಮಾತುಗಳೂ ಹೀಗೇ ವಿಚಿತ್ರ. ಮೆಮೇರ್‌ಳ ತಾಯಿ ಎಕ್ಸಿಲ್ಡಾ ತನ್ನ ಗಂಡನನ್ನು ಜೀವಮಾನವಿಡೀ 'ಆರು' ಎಂದೇ ಕರೆದಳಂತೆ. 'ಆರು, ಊಟಕ್ಕೆ ಬಾ.' ಮದುವೆಗೆ ಕೇಳಿ ಬಂದವರಲ್ಲಿ ಅವನು ಆರನೆಯವನು ಎಂದು ಮನೆಯವರೆಲ್ಲ ಈಗಲೂ ನಗುತ್ತಾರೆ.

ನಾನು ಹದಿನಾರಕ್ಕೇ ಶಾಲೆ ಬಿಟ್ಟವಳು. ಬರವಣಿಗೆ ಹೇಗಿದೆಯೋ ಗೊತ್ತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ, ಅಷ್ಟೇ.

ಓಡಿಲ್ ಪಕೆಟ್

ತಂತಿ
ವಾಲಾ ವಾಲಾ, ವಾಷಿಂಗ್ಟನ್
೮ ಮಾರ್ಚ್ ೧೯೭೯

ಅಳಿಸಬೇಡಿ. ಏನೂ ಮುಟ್ಟಬೇಡಿ. ಪತ್ರ ಬರುತ್ತಿದೆ. ಟಿಯರ್ನಿ

ವಾಲಾ ವಾಲಾ
೯ ಮಾರ್ಚ್ ೧೯೭೯

ಕುಮಾರಿ ಪಕೆಟ್ ಅವರಿಗೆ,

ತಂತಿ ನೋಡಿ ಗಾಬರಿಯಾಗಿದ್ದರೆ ಮನ್ನಿಸಿ. ನಲವತ್ತು ವರ್ಷ ರೈಲ್ವೆಯಲ್ಲಿ ತಂತಿ ಕಳಿಸುವ ಕೆಲಸ ಮಾಡಿದವನು ನಾನು. ಅವಸರ ಬಂದರೆ ಕೈ ಈಗಲೂ ಅತ್ತಲೇ ಹೋಗುತ್ತದೆ.

ಸಂಗ್ರಹಕಾರರು ಶುಭ್ರವಾದ ಕಾರ್ಡು ಕೇಳುತ್ತಾರೆ ಎಂದು ಗ್ರಂಥಾಲಯದವರು ಹೇಳಿದ್ದು ಸರಿಯೇ. ನನಗೆ ಮಾತ್ರ ಗೀಚಿದ್ದೇ ಬೇಕು. ಶುಭ್ರ ಕಾರ್ಡು ಅಚ್ಚುಕೂಟದಿಂದ ಬಂದದ್ದು. ಗೀಚಿದ ಕಾರ್ಡು ಆಟದ ಬಯಲಿನಿಂದ ಬಂದದ್ದು. ಅದನ್ನು ಹಿಡಿದವರೊಬ್ಬರು ಅಂದು ಹಲಗೆಯ ಮೇಲೆ ಕೂತು, ಕಣ್ಣಿಗೆ ಬಿದ್ದದ್ದನ್ನು ಬಿದ್ದ ಗಳಿಗೆಯಲ್ಲೇ ಬರೆದಿದ್ದಾರೆ. ಅದನ್ನು ಬ್ರೆಡ್ಡಿನಿಂದ ಉಜ್ಜುವುದೆಂದರೆ ಸಾಕ್ಷಿಯ ನಾಲಿಗೆ ಕೀಳಿದಂತೆ.

ಕಾರ್ಡು ಈಗಲೇ ಕಳಿಸಬೇಡಿ, ಅಂಚೆಯ ಮೇಲೆ ನನಗೆ ನಂಬಿಕೆ ಇಲ್ಲ. ಒಂದು ಉಪಕಾರ ಮಾಡಿ. ಲೋರ್ಟನ್ ಪುಟದಲ್ಲಿ ಒಂಬತ್ತನೇ ಇನ್ನಿಂಗ್ಸಿನ ಕೊನೆಯ ಚೌಕದಲ್ಲಿ ಏನಿದೆ? ವೆಂಡಮ್‌ನವರಲ್ಲಿ ತಪ್ಪು ಮಾಡಿದ ಆಟಗಾರನ ಅಂಕಿಯ, ಎಂದರೆ ಅವನು ನಿಲ್ಲುವ ಜಾಗಕ್ಕೆ ಕೊಟ್ಟ ಅಂಕಿಯ, ಪಕ್ಕ ಕತ್ತರಿ ಗುರುತು ಹಾಕಿರುತ್ತಾರೆ. ಯಾವ ಅಂಕಿ ಎಂದು ತಿಳಿಸಿ. ಬೇರೇನೂ ಬೇಡ.

ಟಿಯರ್ನಿ ಎನ್ನುವ ಹೆಸರು ಐರಿಷ್ ಜನರಲ್ಲಿ ಬೇಕಾದಷ್ಟಿದೆ.

ನಿಮ್ಮ
ಆಂಬ್ರೋಸ್ ಟಿಯರ್ನಿ

ವೆಂಡಮ್
೧೯ ಮಾರ್ಚ್ ೧೯೭೯

ಟಿಯರ್ನಿ ಅವರಿಗೆ,

ಉಜ್ಜಲಿಲ್ಲ. ತಿರುಳು ತೆಗೆದಿಟ್ಟಿದ್ದೆ, ಅದನ್ನು ಪಾರಿವಾಳಕ್ಕೆ ಹಾಕಿದೆ.

ಆ ಚೌಕದಲ್ಲಿ ಆರು ಇದೆ. ಪಕ್ಕದಲ್ಲಿ ಕತ್ತರಿ ಗುರುತು. ಪೆನ್ಸಿಲ್ ಎಷ್ಟು ಒತ್ತಿದೆಯೆಂದರೆ ಕಾಗದ ಹಿಂದಿನ ಪುಟದವರೆಗೂ ಉಬ್ಬಿದೆ. ಅದರ ಕೆಳಗೆ ಲೋರ್ಟನ್‌ಗೆ ಎರಡು ಓಟ.

ಆರು ಅಂದರೆ ಶಾರ್ಟ್‌ಸ್ಟಾಪ್, ಎರಡನೇ ಮೂರನೇ ಬೇಸುಗಳ ನಡುವೆ ನಿಲ್ಲುವವನು. ಇದು ನನಗೆ ಖಂಡಿತ ಗೊತ್ತು, ಯಾಕೆಂದರೆ ನಮ್ಮ ಲಾಂಡ್ರಿ ಹೆಂಗಸರ ತಂಡದಲ್ಲಿ ಮೂರನೇ ಬೇಸು ಕಾಯುವವಳು ನಾನೇ. ನನ್ನ ಅಂಕಿ ಐದು. ಆರು ಯಾವಾಗಲೂ ನನ್ನ ಪಕ್ಕದವಳು.

ಮೆಮೇರ್ ಸೂಪಿಗೆ ಒಣ ಬಟಾಣಿ ಆರಿಸುತ್ತ ಸಂಜೆಯೆಲ್ಲ ನನ್ನನ್ನು ಚುಚ್ಚಿದಳು. "ಸ್ಕೂಲಲ್ಲಿ ಕೂತು ಓದೇ ಅಂದ್ರೆ ಕಿಟಕಿ ಹಾರಿ ಬಂದೆ. ಈಗ ಸತ್ತೋರ ಆಟ ಓದ್ತಾ ಕೂತಿದೀಯಲ್ಲೇ!"

"ಬಾಗಿಲಿಂದಲೇ ಬಂದಿದ್ದು ಮೆಮೇರ್. ಹೇಳಿಯೇ ಬಂದೆ."

"ಅದೇ ನಿನ್ನ ರೋಗ, ಎಲ್ಲಾ ಹೇಳಿಯೇ ಮಾಡ್ಬೇಕು ನಿಂಗೆ. ಇಡು ಅತ್ಲಾಗಿ ಅದನ್ನ. ನಮ್ಮಪ್ಪ ಬೇಸ್‌ಬಾಲ್ ಅಂದ್ರೆ ಉರಿದು ಬೀಳ್ತಿದ್ರು. ನಮ್ಮಣ್ಣ ಅಂಗಳದಲ್ಲಿ ಚೆಂಡು ಆಡಿದ್ದಕ್ಕೆ ಅದನ್ನ ನಮ್ಮ ಬೇಕರಿ ಒಲೇಗೆ ಹಾಕಿದ್ರು."

ಯಾರ ತಪ್ಪು ಎಂದು ತೊಂಬತ್ತು ವರ್ಷಗಳ ಮೇಲೆ ಯಾಕೆ ಬೇಕು ನಿಮಗೆ? ಹೇಳಲೇಬೇಕೆಂದಿಲ್ಲ. ಆದರೆ ಕೇಳದೆ ಇರುವುದು ನನ್ನಿಂದಾಗದು.

ಓಡಿಲ್ ಪಕೆಟ್

ವಾಲಾ ವಾಲಾ
೨೭ ಮಾರ್ಚ್ ೧೯೭೯

ಕುಮಾರಿ ಪಕೆಟ್ ಅವರಿಗೆ,

ನೀವು ಕೇಳಿದ್ದೀರಿ. ಉತ್ತರ ಕೊಡದಿದ್ದರೆ ಮರ್ಯಾದೆಯಲ್ಲ.

ಅಂದು ಮೂರನೇ ಬೇಸು ಕಾಯುತ್ತಿದ್ದವರು ಕಾನ್ ಟಿಯರ್ನಿ. ನನ್ನ ತಂದೆ. ಶಾರ್ಟ್‌ಸ್ಟಾಪ್ ಆಗಿದ್ದವನು ಗ್ರೀನ್‌ವುಡ್ ಎಂಬವನು. ಆ ಪಂದ್ಯ ಗೆದ್ದರೆ ವೆಂಡಮ್‌ಗೆ ಆ ವರ್ಷದ ಚಾಂಪಿಯನ್ ಪತಾಕೆ. ಕೊನೆಯ ಹೊಡೆತ ಇಬ್ಬರ ನಡುವೆ ಬಂತು, ಯಾರದೋ ಕೈಯಡಿಯಿಂದ ನುಸುಳಿ ಹೋಯಿತು, ಲೋರ್ಟನ್‌ಗೆ ಎರಡು ಓಟ ಬಂದವು, ವೆಂಡಮ್ ಸೋತಿತು. ಟಿಯರ್ನಿ ಜೂಜುಕೋರರ ಹಣ ತಿಂದು ಬೇಕೆಂದೇ ಬಿಟ್ಟ ಎಂದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಪತ್ರಿಕೆಯೂ ಹಾಗೇ ಅಚ್ಚು ಮಾಡಿತು. ಭಾನುವಾರ ಪೂಜೆ ಮುಗಿಸಿ ಬಂದ ಜನ ತಂದೆಯ ಬಾಡಿಗೆ ಕೋಣೆಯ ಕಿಟಕಿಗೆ ಕೆಸರೆಸೆದರು. ಸೋಮವಾರ ತಂದೆ ಸಾಮಾನು ಸಾಗಿಸುವ ರೈಲು ಹತ್ತಿ ಪಶ್ಚಿಮಕ್ಕೆ ಹೊರಟವರು ರೈಲುಹಳಿ ಮುಗಿಯುವವರೆಗೂ ಇಳಿಯಲಿಲ್ಲ. ಗ್ರೀನ್‌ವುಡ್ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಆಮೇಲೆ ಅವನು ಏನಾದನೆಂದು ಯಾವ ದಾಖಲೆಯಲ್ಲೂ ಇಲ್ಲ. ಆ ಹೆಸರಿನ ಸಮಾಧಿ ಕೂಡ ಸಿಕ್ಕಿಲ್ಲ ನನಗೆ.

ತಂದೆ ಆ ದಿನದ ಬಗ್ಗೆ ಮಾತಾಡಿದ್ದು ಒಂದೇ ಸಲ, ಅದೂ ನನ್ನಕ್ಕ ವಿನಿಯ ಹತ್ತಿರ. "ಆ ಚೆಂಡು ನನ್ನ ಕೈಗೆ ತಾಕಲೇ ಇಲ್ಲ." ತಪ್ಪು ತನ್ನದಲ್ಲ ಅನ್ನುತ್ತಿದ್ದಾರೆ ಎಂದು ವಿನಿ ಅರ್ಥ ಮಾಡಿಕೊಂಡಳು. ಬೇಕೆಂದೇ ಮುಟ್ಟದೆ ಬಿಟ್ಟರು ಎಂದೂ ಅರ್ಥ ಮಾಡಬಹುದು.

ನಿಮ್ಮ ಪತ್ರ ಬಂದ ದಿನ ಸಿಯಾಟಲ್‌ನಲ್ಲಿ ಸನ್ಯಾಸಿನಿಯರ ಆಸರೆಯಲ್ಲಿರುವ ವಿನಿಗೆ ಫೋನ್ ಮಾಡಿ, ಅಪ್ಪನ ತಪ್ಪಲ್ಲವಂತೆ ಎಂದು ಹೇಳಿದೆ. ತುಂಬ ಹೊತ್ತು ಅತ್ತಳು. ನನಗೆ ಬೇಕಾದದ್ದು ಸಿಕ್ಕಿತು. ಕಾರ್ಡು ನೀವೇ ಇಟ್ಟುಕೊಳ್ಳಿ. ನಾನು ಇನ್ನು ಸಂಗ್ರಹಿಸುವುದಿಲ್ಲ.

ನಿಮ್ಮ ಋಣ ದೊಡ್ಡದು.

ಆಂಬ್ರೋಸ್ ಟಿಯರ್ನಿ

ವೆಂಡಮ್
೧೦ ಏಪ್ರಿಲ್ ೧೯೭೯

ಆಂಬ್ರೋಸ್ ಅವರೇ,

ಮೊದಲ ಪತ್ರದಲ್ಲಿ ನಾನು ಆ ಪದದ ಬಗ್ಗೆ ಬರೆದದ್ದು ನೆನೆದರೆ ಕಿವಿ ಬಿಸಿಯಾಗುತ್ತದೆ. ನೀವು 'ಹೆಸರು ಬೇಕಾದಷ್ಟಿದೆ' ಎಂದು ಸುಮ್ಮನಾದಿರಿ.

ಆದರೆ ಇನ್ನೊಂದು ಮಾತು ನನಗೆ ಒಗ್ಗಲಿಲ್ಲ. ಜೀವಮಾನವಿಡೀ ಹುಡುಕಿದ ಕಾರ್ಡನ್ನು ನೀವೇ ಇಟ್ಟುಕೊಳ್ಳಿ ಅನ್ನುತ್ತೀರಲ್ಲ, ಹಾಗೆ ಯಾರಾದರೂ ಅನ್ನುತ್ತಾರೆಯೇ? ಮೂರು ದಿನ ಅದೇ ಕೊರೆಯಿತು. ಕೊನೆಗೆ ಕಾರ್ಡನ್ನು ಮೊದಲಿನಿಂದ ಓದಲು ಕೂತೆ, ಜಾಹೀರಾತು ಸಹಿತ. ಹಿಂದಿನ ರಕ್ಷಾಪುಟದಲ್ಲಿ ಪಿತ್ತದ ಗುಳಿಗೆಯ ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಆಟ ಬರೆಯುವ ಕ್ರಮ' ಎಂದಿದೆ. ಅದರಲ್ಲಿ ಶಾರ್ಟ್‌ಸ್ಟಾಪ್ ಐದು, ಮೂರನೇ ಬೇಸು ಆರು. ಈಗಿನದಕ್ಕೆ ತಿರುಗುಮುರುಗು.

ಅಂದರೆ ಆರು ನಿಮ್ಮ ತಂದೆ.

ಮೆಮೇರ್‌ಗೆ ಹೇಳಿದೆ. "ಮುದುಕ ಖುಷಿಯಾಗಿದಾನೆ ಬಿಡೇ. ನಿಂಗೇನು ಬಾಧೆ?" ಎಂದಳು.

"ನಾನೇ ತಪ್ಪು ಹೇಳಿದ್ದು."

"ತಪ್ಪು ಮಾಡಿದ್ರೆ ಪಾದ್ರಿ ಹತ್ರ ಹೇಳು. ಅಂಚೆ ಚೀಟಿ ಯಾಕೆ ಹಾಳು ಮಾಡ್ತೀಯ?"

ಎರಡು ದಿನ ತಡೆದೆ. ಆಗಲಿಲ್ಲ. ನನ್ನ ತಪ್ಪು ಮಾತನ್ನು ನಿಜವೆಂದು ನಂಬಿ ಸಿಯಾಟಲ್‌ನಲ್ಲಿ ಒಬ್ಬರು ಅತ್ತಿದ್ದಾರೆ. ನಾನು ಬಾಯಿ ಮುಚ್ಚಿಕೊಂಡರೆ ಅದು ಸುಳ್ಳಾಗುತ್ತದೆ. ಕ್ಷಮಿಸಿ ಎಂದರೆ ಸಾಲದು, ಆದರೂ ಕ್ಷಮಿಸಿ.

ಓಡಿಲ್

ವಾಲಾ ವಾಲಾ
೧೮ ಏಪ್ರಿಲ್ ೧೯೭೯

ಓಡಿಲ್,

ನನಗೆ ಮೊದಲೇ ಗೊತ್ತಿತ್ತು. ವೆಂಡಮ್‌ನ ಬೇರೆ ಪಂದ್ಯಗಳ ಹನ್ನೊಂದು ಕಾರ್ಡು ನನ್ನ ಪೆಟ್ಟಿಗೆಯಲ್ಲಿವೆ. ಎಲ್ಲದರ ಹಿಂಬದಿಯಲ್ಲೂ ಅದೇ ಕ್ರಮ ಅಚ್ಚಾಗಿದೆ. ನಿಮ್ಮ ಮಾರ್ಚ್ ತಿಂಗಳ ಪತ್ರದಲ್ಲಿ 'ಆರು' ಎಂದು ಓದಿದ ಕ್ಷಣವೇ ನನಗೆ ಉತ್ತರ ಸಿಕ್ಕಿತ್ತು. ನಿಮಗೆ ಸುಳ್ಳಾಡಲಿಲ್ಲ ಎಂದು ನನ್ನನ್ನು ನಾನೇ ನಂಬಿಸಿಕೊಂಡೆ. ಸುಮ್ಮನಿದ್ದೆ ಅಷ್ಟೇ. ಎರಡೂ ಒಂದೇ.

ವಿನಿಗೆ ಮಾತ್ರ ತಿಳಿದೇ ಸುಳ್ಳು ಹೇಳಿದೆ. ಅಪ್ಪನ ಮೇಲೆ ನಂಬಿಕೆ ಇಟ್ಟು ಬಾಳಿದವಳು. ಅವಳ ಬಳಿ ಉಳಿದಿರುವುದು ಅದೊಂದೇ.

ನನ್ನ ವಿಷಯ ಬೇರೆ. ೧೯೧೩ರಲ್ಲಿ ನನಗೆ ಹದಿನಾರು. ಸ್ಟೇಷನ್ನಿನಲ್ಲಿ ವೆಂಡಮ್ ಕಡೆಯ ವ್ಯಾಪಾರಿಯೊಬ್ಬ ನನ್ನ ಹೆಸರು ಕೇಳಿ ನಕ್ಕ. ನೀವು ನಕ್ಕ ಹಾಗೆಯೇ. ಆ ಪದದ ಅರ್ಥ ನನಗೆ ಹೇಳಿಕೊಟ್ಟವನು ಅವನು. ಅಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಯಾವುದೋ ಸಣ್ಣ ಜಗಳ, ನಾನು ಕೆಲಸ ಅರ್ಧಕ್ಕೆ ಬಿಟ್ಟಿದ್ದಕ್ಕೆ ತಂದೆ ಬೈದರು. "ಟಿಯರ್ನಿ ಮಾಡಿದವನು ನನಗೇನು ಬುದ್ಧಿ ಹೇಳೋದು?" ಎಂದುಬಿಟ್ಟೆ. ಅಮ್ಮ, ವಿನಿ, ಎಲ್ಲರೂ ಇದ್ದರು. ತಂದೆ ಆಮೇಲೆ ಹದಿನಾಲ್ಕು ತಿಂಗಳು ಬದುಕಿದ್ದರು. ಗುದ್ದಲಿ ಕೊಡು, ಬಾಗಿಲು ಹಾಕು, ಇಷ್ಟೇ ನನ್ನೊಡನೆ ಆಡಿದ ಮಾತು.

ನಾನಂದು ಆಡಿದ್ದು ನಿಜವೋ ಸುಳ್ಳೋ ಎಂದು ತಿಳಿಯಲು ಈ ಕಾರ್ಡುಗಳನ್ನೆಲ್ಲ ಕೂಡಿಟ್ಟೆ. ಜನ ಇದನ್ನು ಹವ್ಯಾಸ ಎಂದುಕೊಂಡರು.

ಈಗ ತಿಳಿಯಿತು. ಆಡಿದ್ದು ಕ್ರೂರ, ಆದರೆ ನಿಜ. ಇದರ ಮೇಲೆ ಮುದುಕನೊಬ್ಬ ತಲೆಯಿಟ್ಟು ಮಲಗಬಹುದು. ಈ ಮೂರು ವಾರ ನಾನು ಚೆನ್ನಾಗಿ ನಿದ್ದೆ ಮಾಡಿದ್ದೇನೆ. ಅದನ್ನು ಕೊಟ್ಟವರು ನೀವು. ನೀವು ಹೇಳಿದ್ದರಲ್ಲಿ ತಪ್ಪಿಲ್ಲ, ತಿದ್ದಿದ್ದರಲ್ಲೂ ತಪ್ಪಿಲ್ಲ. ಈ ವಿಷಯ ಇಲ್ಲಿಗೆ ಬಿಡೋಣ.

ಆಂಬ್ರೋಸ್

ವೆಂಡಮ್
೨ ಜೂನ್ ೧೯೭೯

ಆಂಬ್ರೋಸ್ ಅವರೇ,

ಇಲ್ಲಿಗೆ ಬಿಡೋಣ ಎಂದಿದ್ದಿರಿ. ಆರು ವಾರ ಬಿಟ್ಟಿದ್ದೆ.

ಮನೆ ಕೆಡವಿದರು. ಮೆಮೇರ್ ಈಗ ನನ್ನ ಚಿಕ್ಕಪ್ಪನ ಮನೆಯ ಕೆಳಗಿನ ಕೋಣೆಯಲ್ಲಿದ್ದಾಳೆ. ಯೇಸುವಿನ ಪಟವನ್ನು ಹೊಸ ಗೋಡೆಗೆ ಹಾಕುವಾಗ, ಕಾರ್ಡನ್ನು ಮತ್ತೆ ಅದರ ಹಿಂದೆಯೇ ಇಟ್ಟುಬಿಡೋಣ ಎಂದುಕೊಂಡೆ. ಅಂಟಿದ್ದ ಪುಟಕ್ಕೆ ಬೆರಳು ತಾಕಿತು. ತೇವಕ್ಕೆ ಅಂಟಿದ ಕಾಗದ ಅಲ್ಲಲ್ಲಿ ಬಿಟ್ಟುಕೊಂಡಿರುತ್ತದೆ, ಲಾಂಡ್ರಿಯಲ್ಲಿ ದಿನಾ ನೋಡುತ್ತೇನೆ. ಇದು ನಾಲ್ಕೂ ಅಂಚಿಗೆ ಒಂದೇ ಸಮ ಅಂಟಿತ್ತು. ಯಾರೋ ಕುಂಚ ಹಿಡಿದು ಅಂಟು ಬಳಿದಿದ್ದರು.

ಲಾಂಡ್ರಿಯ ಇಸ್ತ್ರಿ ಯಂತ್ರದ ಹಬೆಗೆ ಸ್ವಲ್ಪ ಸ್ವಲ್ಪವೇ ಹಿಡಿದೆ. ಬಿಟ್ಟುಕೊಂಡಿತು. ಹಸಿ ಹಿಟ್ಟಿನ ವಾಸನೆ ಬಂತು.

ಒಳಗೆ ವೆಂಡಮ್ ಆಟಗಾರರ ಹೆಸರು ಅಚ್ಚಾಗಿವೆ. ಪ್ರತಿ ಹೆಸರಿನ ಎದುರು ಬರೆದವರು ತಮ್ಮದೇ ಅಂಕಿ ಹಾಕಿಕೊಂಡಿದ್ದಾರೆ. ಅಚ್ಚಾದ ಕ್ರಮವನ್ನು ಅನುಸರಿಸಿಲ್ಲ, ಬಹುಶಃ ಓದಲು ಬಂದಿಲ್ಲ. ಟಿಯರ್ನಿ, ಐದು. ಗ್ರೀನ್‌ವುಡ್, ಆರು.

ನಿಮಗೆ ಗೊತ್ತಿದ್ದ ಕ್ರಮ ಸರಿ. ಈ ಕಾರ್ಡಿಗೆ ಮಾತ್ರ ಅದು ಸರಿಯಲ್ಲ.

ಉಳಿದದ್ದನ್ನೂ ಬರೆಯಬೇಕು. ಪುಟ ಮೆಮೇರ್‌ಗೆ ತೋರಿಸಿದೆ. ಕನ್ನಡಕ ಹಾಕಿಕೊಂಡವಳೇ, "ಅಯ್ಯೋ, ಇದು ನಮ್ಮಮ್ಮ ಬರೀತಿದ್ದ ಏಳು ಕಣೇ!" ಎಂದು ಕಿರುಚಿದಳು. "ನೋಡು, ಹೊಟ್ಟೆಗೆ ಅಡ್ಡಪಟ್ಟಿ ಕಟ್ಟಿದಾಳೆ. ಪಟ್ಟಿ ಇಲ್ದಿರೋ ಏಳು ಬತ್ತಲೆ ಏಳು ಅಂತಿದ್ಲು. ಇಂಗ್ಲಿಷ್ ಒಂದಕ್ಷರ ಬರ್ತಿರ್ಲಿಲ್ಲ ಅವಳಿಗೆ. ಇದನ್ನೆಲ್ಲ ಯಾರು ಹೇಳ್ಕೊಟ್ರೋ!"

ನಾನು ಹೆಸರುಗಳನ್ನು ಓದಿ ಹೇಳಿದೆ. ಗ್ರೀನ್‌ವುಡ್, ಆರು ಎಂದಾಗ ಅವಳ ನಗು ನಿಂತಿತು.

"ಇನ್ನೊಂದ್ಸಲ ಹೇಳು."

"ಗ್ರೀನ್‌ವುಡ್. ಆರು. ಯಾರು ಮೆಮೇರ್ ಅದು?"

"ಬೇಕರಿಗೆ ಮುಂಚೆ ಮಿಲ್ಲಲ್ಲಿ ನಮ್ಮಪ್ಪನ್ನ ಹಾಗೇ ಬರ್ಕೊಳ್ತಿದ್ರು. ಆ ಮೇಸ್ತ್ರಿ ನಾಲಿಗೆ ಬುವಾವೇರ್ ಅನ್ನೋಕೆ ಹೊರಳ್ತಿರ್ಲಿಲ್ಲ."

ಫ್ರೆಂಚಿನಲ್ಲಿ ಬುವಾವೇರ್ ಎಂದರೆ ಹಸಿರು ಕಾಡು. ಗ್ರೀನ್‌ವುಡ್ ಎಂದರೂ ಅದೇ. ನಮ್ಮ ಫ್ರೆಂಚ್ ಬೀದಿಗಳಲ್ಲಿ ಇದು ಹೊಸದಲ್ಲ. ಮನೆಯಲ್ಲಿ ರುವಾ, ಅಂದರೆ ರಾಜ, ಆದವನು ಮಿಲ್ಲಿನ ಬಾಗಿಲಲ್ಲಿ ಕಿಂಗ್ ಆಗುತ್ತಿದ್ದ. ನೀವು ಸಮಾಧಿ ಹುಡುಕಿದಿರಿ. ಅದು ಇದೆ. ತೆಯೋಫಿಲ್ ಬುವಾವೇರ್, ಬೇಕರಿಯವನು, ೧೮೬೫ರಿಂದ ೧೯೩೮. ಚರ್ಚಿನ ಪಕ್ಕದಲ್ಲೇ, ಒಳ್ಳೆಯ ಕಲ್ಲು. ನನ್ನ ಮುತ್ತಜ್ಜ.

ಎಕ್ಸಿಲ್ಡಾ ಅವನನ್ನು 'ಆರು' ಎಂದದ್ದು ಆರನೆಯವನಾಗಿ ಕೇಳಿ ಬಂದದ್ದಕ್ಕಲ್ಲ. ಶಾರ್ಟ್‌ಸ್ಟಾಪ್ ಆಗಿದ್ದ. ಆಟ ಬರೆಯಲು ಅವಳಿಗೆ ಕಲಿಸಿದವನೂ ಅವನೇ ಇರಬೇಕು. ಅವಳು ಕೂತು ನೋಡಿದಳು, ಒತ್ತಿ ಕತ್ತರಿ ಗುರುತು ಹಾಕಿದಳು, ಆಮೇಲೆ ಅವನನ್ನೇ ಮದುವೆಯಾಗಿ ಪುಟಕ್ಕೆ ಹಿಟ್ಟು ಬಳಿದಳು. ಸುಡಬಹುದಿತ್ತು, ಮನೆಯಲ್ಲಿ ಬೇಕರಿ ಒಲೆಯೇ ಇತ್ತು. ಯಾಕೆ ಸುಡಲಿಲ್ಲವೋ ನನಗೆ ತಿಳಿಯದು.

"ಇದನ್ನ ಬರೀಬೇಡ," ಎಂದಳು ಮೆಮೇರ್. "ಮಿಲ್ಲು ಮುಚ್ಚಿದ ವರ್ಷ ನಮ್ಮಪ್ಪ ಊರಿಗೆಲ್ಲ ಬ್ರೆಡ್ ಹಾಕಿದೋರು."

"ಆ ಮನುಷ್ಯ ತನ್ನಪ್ಪನ್ನ ಕಳ್ಳ ಅಂದ್ಕೊಂಡೇ ಸಾಯ್ಲಾ?"

"ಹಾಗೆ ಅಂದ್ಕೊಂಡೇ ಸುಖವಾಗಿ ನಿದ್ದೆ ಮಾಡ್ತಿದೀನಿ ಅಂತ ಬರ್ದಿದಾನಲ್ಲೇ. ನೀನೇ ಓದಿ ಹೇಳ್ದೆ."

ಈ ಪತ್ರ ನಿಮ್ಮ ನಿದ್ದೆ ಕಸಿಯುತ್ತದೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಿಮ್ಮ ಒಳ್ಳೆಯದಕ್ಕೆ ಬರೆಯುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಬರೆಯದೆ ಇರಲು ನನಗೆ ಬರುವುದಿಲ್ಲ, ಅಷ್ಟೇ. ಮೆಮೇರ್ ಐದು ದಿನದಿಂದ ನನ್ನೊಡನೆ ಮಾತಾಡಿಲ್ಲ.

ಕಾರ್ಡು ಜೊತೆಗಿದೆ, ಎರಡು ರಟ್ಟಿನ ನಡುವೆ. ಅದು ನಿಮ್ಮದು.

ಓಡಿಲ್

ವಾಲಾ ವಾಲಾ
೧೯ ಜೂನ್ ೧೯೭೯

ಕುಮಾರಿ ಪಕೆಟ್ ಅವರಿಗೆ,

ಕಾರ್ಡು ತಲುಪಿತು. ಎಂಟು ಪುಟ, ಹೊಲಿಗೆ ಗಟ್ಟಿಯಾಗಿದೆ. ಮುಖಪುಟದ ಮೇಲಿನ ಬಲ ಮೂಲೆ ಮಡಚಿದೆ. ಒಳಗೆ ಅಂಟಿನ ಕಲೆ. ಪೆನ್ಸಿಲ್ ಬರಹ ಸಂಪೂರ್ಣ, ಒಂದೇ ಕೈಯದು. ಆ ದಿನದ ಇನ್ನೊಂದು ಕಾರ್ಡು ಎಲ್ಲೂ ಇದ್ದಂತಿಲ್ಲ.

ಅಂಕಿಗಳನ್ನು ಒಂದೊಂದಾಗಿ ಪರೀಕ್ಷಿಸಿದೆ. ನೀವು ಹೇಳಿದ್ದು ಸರಿ. ಬರೆದವರು ಮೊದಲಿನಿಂದ ಕೊನೆಯವರೆಗೂ ತಮ್ಮ ಕ್ರಮವನ್ನು ತಪ್ಪಿಲ್ಲ. ಇಷ್ಟು ಪ್ರಾಮಾಣಿಕವಾದ ಕಾರ್ಡು ನಾನು ನೋಡಿಲ್ಲ.

ವಿನಿಗೆ ಫೋನ್ ಮಾಡಿ, "ವಿನಿ, ಅಪ್ಪನ ತಪ್ಪಲ್ಲ" ಎಂದೆ. "ಮಾರ್ಚ್‌ನಲ್ಲೇ ಹೇಳಿದ್ಯಲ್ಲೋ, ಮರೆತುಬಿಟ್ಯಾ? ಪಾಪ, ನಿಂಗೂ ವಯಸ್ಸಾಯ್ತು" ಎಂದಳು. ಅಂದು ಸುಳ್ಳೆಂದು ತಿಳಿದು ಹೇಳಿದ್ದೂ ಇದೇ ಮಾತು. ವ್ಯತ್ಯಾಸವನ್ನು ಅವಳಿಗೆ ತಿಳಿಸುವ ಮಾತು ನನಗೆ ಹೊಳೆಯಲಿಲ್ಲ.

ನಾನು ನಿಮಗೆ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಮೇಜಿನಲ್ಲಿ ನಾನು ಆ ಮಾತಾಡಿದಾಗ ತಂದೆ ಆಲೂಗಡ್ಡೆಯ ಬಟ್ಟಲನ್ನು ನನ್ನ ಕಡೆಗೆ ಚಾಚಿದ್ದರು. ಮಾತು ಕೇಳಿದ ಮೇಲೂ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಬಟ್ಟಲು ನನ್ನ ಮುಂದೆ ಇಟ್ಟರು. ನಾನು ಬಡಿಸಿಕೊಂಡೆ. ತಿಂದೆ ಕೂಡ.

ನಿಮ್ಮ ಮುತ್ತಜ್ಜನ ಮೇಲೆ ನನಗೆ ಕೋಪವಿಲ್ಲ. ಅವನು ಸುಮ್ಮನಿದ್ದ. ಆಡಿದವನು ನಾನು.

ಒಂದನ್ನು ನಿಜವಾಗಿ ತಿಳಿಸಿ, ನೀವು ಬೇರೆ ರೀತಿ ಬರೆಯಲಾರಿರಿ ಎಂದು ಗೊತ್ತು. ಆ ಪದ ನಿಮ್ಮೂರಲ್ಲಿ ಈಗಲೂ ಇದೆಯೇ?

ಎ. ಟಿಯರ್ನಿ

ವೆಂಡಮ್
೨೩ ಸೆಪ್ಟೆಂಬರ್ ೧೯೭೯

ಆಂಬ್ರೋಸ್ ಅವರೇ,

ಮೂರು ತಿಂಗಳು ಉತ್ತರ ಬರೆಯಲಿಲ್ಲ. ನೀವು ಕೇಳಿದ್ದಕ್ಕೆ ಒಳ್ಳೆಯ ಉತ್ತರ ಸಿಗಲಿ ಎಂದು ಕಾಯುತ್ತಿದ್ದೆ. ಹಾಗೆ ಕಾಯುವುದೂ ಒಂದು ಬಗೆಯ ಸುಳ್ಳೇ.

ಮೆಮೇರ್ ಈಗ ಮಾತಾಡುತ್ತಾಳೆ. ಮೊನ್ನೆ ಶುಕ್ರವಾರ ನಾನು ಸೂಪು ಕೊಟ್ಟರೆ ಬೇಡವೆಂದಳು. "ಇವತ್ತು ಇಪ್ಪತ್ತೊಂದು. ನಮ್ಮಪ್ಪ ಪ್ರತಿ ವರ್ಷ ಈ ದಿನ ಒಂದು ತುತ್ತೂ ತಿಂತಿರ್ಲಿಲ್ಲ. ಸಂತ ಮತ್ತಾಯನ ಹಬ್ಬಕ್ಕೆ ಉಪವಾಸ ಅಂದ್ಕೊಂಡಿದ್ವಿ ನಾವು. ಹಬ್ಬದ ದಿನ ಯಾರಾದ್ರೂ ಉಪವಾಸ ಮಾಡ್ತಾರೇನೇ? ಯಾರೂ ಕೇಳ್ಲೇ ಇಲ್ಲ ನೋಡು." ಸೂಪಿನ ಬಟ್ಟಲು ಪಕ್ಕಕ್ಕೆ ಸರಿಸಿ, "ಇದನ್ನೂ ಬರೀತೀಯಲ್ಲ, ಬರಿ" ಎಂದಳು. ಬೈದಳೋ ಒಪ್ಪಿದಳೋ ತಿಳಿಯಲಿಲ್ಲ. ಬರೆದಿದ್ದೇನೆ.

ಇನ್ನು ನಿಮ್ಮ ಪ್ರಶ್ನೆ. ನಿನ್ನೆ ಲಾಂಡ್ರಿ ತಂಡದ ಕೊನೆಯ ಪಂದ್ಯವಿತ್ತು. ಶುರುವಾಗುವ ಮೊದಲು ಎಲ್ಲರನ್ನೂ ಕೂರಿಸಿ ಇಡೀ ಕತೆ ಹೇಳಿದೆ. ಕಾನ್ ಟಿಯರ್ನಿ ಯಾರು, ತಪ್ಪು ಯಾರದು, ನನ್ನ ಮುತ್ತಜ್ಜ ಯಾರು, ಎಲ್ಲ. ಚೆನ್ನಾಗಿಯೇ ಕೇಳಿದರು. ಇಬ್ಬರ ಕಣ್ಣಲ್ಲಿ ನೀರೂ ಬಂತು. ನಮ್ಮ ಶಾರ್ಟ್‌ಸ್ಟಾಪ್ ಕ್ಲೋರಿಂಡಾ, "ಹಾಗಾದ್ರೆ ಇನ್ಮೇಲೆ ಬುವಾವೇರ್ ಅಂತ ಕೂಗೋಣ್ವೇನೇ? ಅದಕ್ಕೆ ನಾಲಿಗೆ ಹೊರಳೋಷ್ಟರಲ್ಲಿ ಆಟಾನೇ ಮುಗಿದಿರುತ್ತೆ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆರನೇ ಇನ್ನಿಂಗ್ಸಿನಲ್ಲಿ ಒಂದು ಚೆಂಡು ನೆಲಕ್ಕೆ ತಾಗಿಕೊಂಡು ನನ್ನ ಮತ್ತು ಕ್ಲೋರಿಂಡಾಳ ನಡುವೆ ಬಂತು. ಇಬ್ಬರೂ ಬಾಗಿದೆವು. ಅದು ಹಾದುಹೋಯಿತು. ನನ್ನದೋ ಅವಳದೋ ನನಗೇ ಗೊತ್ತಿಲ್ಲ, ನಮ್ಮ ಆಟವನ್ನು ಯಾರೂ ಬರೆದಿಡುವುದಿಲ್ಲ.

"ಟಿಯರ್ನಿ!"

ಅವಳ ಕಡೆ ಬೆರಳು ತೋರಿಸಿ ಮೊದಲು ಕೂಗಿದವಳು ನಾನು.

ಓಡಿಲ್